ಅಮ್ಮನ ಬೀರುವಿಗೆ ಬಣ್ಣ ಬಳಿದದ್ದು

ನಮ್ಮಮ್ಮನ ಬೀರು ತೇಗದ್ದು. ಅವಳ ಮದುವೆಗೆ ತಾತ ಹೊಳಲಿನ ಬಡಗಿಯ ಕೈಲಿ ಮಾಡಿಸಿಕೊಟ್ಟಿದ್ದು. ಎರಡು ಬಾಗಿಲು, ಒಂದರ ಹೊರಮೈಗೆ ಉದ್ದನೆಯ ಕನ್ನಡಿ. ಸ್ನಾನಕ್ಕೆ ಹೋಗುವಾಗ ಅಮ್ಮ ಹಣೆಯ ಬೊಟ್ಟನ್ನು ತೆಗೆದು ಬಾಗಿಲ ಒಳಮೈಗೆ ಅಂಟಿಸುತ್ತಿದ್ದಳು. ಅಂಟು ಹೋದವೂ ಅಲ್ಲೇ ಉಳಿಯುತ್ತಿದ್ದವು. ಬಾಗಿಲು ತೆರೆದರೆ ನುಸಿಗುಳಿಗೆಯ ವಾಸನೆಯ ಜೊತೆಗೆ ಸಾಲು ಸಾಲು ಬೊಟ್ಟುಗಳು.

ನಾವು ಇಬ್ಬರೇ ಹೆಣ್ಣುಮಕ್ಕಳು. ಅಪ್ಪ ಹೋದ ಮೇಲೆ ಅಮ್ಮ ಮಳವಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದಳು, ಬೀರು ಕೂಡ ಅವಳ ಹಿಂದೆಯೇ ಅಲ್ಲಿಗೆ ಹೋಯಿತು. ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು, “ಓಲೆ ಚಿಕ್ಕವಳಿಗೆ, ಬೀರು ದೊಡ್ಡವಳಿಗೆ. ಆಮೇಲೆ ಕಿತ್ತಾಡಬ್ಯಾಡಿ.” ತಂಗಿ ಆಗಲೇ ಓಲೆಯನ್ನು ಕಿವಿಗೆ ಇಟ್ಟುಕೊಂಡಳು. ನಾನಿದ್ದದ್ದು ಮದ್ದೂರಿನ ಬಾಡಿಗೆ ಮನೆಯ ಮಹಡಿಯಲ್ಲಿ. ಆ ಕಿರಿದಾದ ಮೆಟ್ಟಿಲಲ್ಲಿ ಬೀರು ಹತ್ತುವ ಹಾಗಿರಲಿಲ್ಲ. ಸ್ವಂತ ಮನೆ ಆಗುವವರೆಗೆ ನಿನ್ನ ಹತ್ತಿರವೇ ಇರಲಿ ಅಂತ ತಂಗಿಗೆ ಅಂದೆ.

ಅಮ್ಮ ಹೋಗಿ ಎರಡು ವರ್ಷಕ್ಕೆ ನಾನೂ ನನ್ನ ಗಂಡನೂ ಮದ್ದೂರಿನಲ್ಲೇ ಚಿಕ್ಕದೊಂದು ಮನೆ ಕಟ್ಟಿಕೊಂಡೆವು. ಮಲಗುವ ಕೋಣೆಯ ಗೋಡೆಯಲ್ಲಿ ಬೀರುವಿನ ಅಳತೆಗೆ ಜಾಗ ಬಿಟ್ಟೇ ಸ್ವಿಚ್ ಬೋರ್ಡು ಕೂರಿಸಿದರು. ತಂಗಿಗೆ ಫೋನು ಮಾಡಿದರೆ ಅವಳಿಗೆ ನನಗಿಂತ ಉತ್ಸಾಹ.

“ಅಂಗೇ ಒಯ್ಬ್ಯಾಡ ಕಣಕ್ಕ. ಪಾಲೀಶೆಲ್ಲ ಓಗ್ಬುಟ್ಟದೆ, ಹಿಂದಲ ಹಲಗೆಗೆ ಗೆದ್ಲು ಇಡ್ದದೆ. ರಿಪೇರಿ ಮಾಡ್ಸಿ ಪೇಂಟ್ ಒಡ್ದುಬುಡು. ಒಸ ಮನೇಗೆ ಒಸದರಂಗೆ ಓಯ್ತದೆ.”

ಗೆಜ್ಜಲಗೆರೆಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ನನಗೆ ಬಟ್ಟೆ ತಪಾಸಣೆಯ ಕೆಲಸ. ಭಾನುವಾರ ಮಾತ್ರ ರಜೆ. ಆ ಬೇಸಿಗೆಯ ಭಾನುವಾರಗಳನ್ನೆಲ್ಲ ಮಳವಳ್ಳಿಯಲ್ಲಿ ತಂಗಿಯ ಹಿತ್ತಲಿನ ಶೀಟಿನಡಿ ಕಳೆದೆ. ಬಡಗಿ ಹೊಸ ಹಲಗೆ ಹೊಡೆದುಕೊಟ್ಟು ಹೋದ. ಉಳಿದದ್ದೆಲ್ಲ ನನ್ನ ಕೈಕೆಲಸ. ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದೆ. ಹಳೆಯ ಪಾಲೀಶು ಕಂದು ಪುಡಿಯಾಗಿ ಉದುರಿ ಕಣ್ಣು, ಮೂಗು, ಸೀರೆಯ ನೆರಿಗೆ ಎಲ್ಲ ಸೇರಿತು. ತೂತುಗಳಿಗೆ ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ಉಜ್ಜಿ, ಪ್ರೈಮರ್ ಬಳಿದೆ. ತಂಗಿ ಕಾಫಿ ತಂದು ಪಕ್ಕದಲ್ಲಿ ಕೂರುತ್ತಿದ್ದಳು. ಅಮ್ಮನ ಮಾತು ಬಂದರೆ ಇಬ್ಬರೂ ಅಳುತ್ತಿದ್ದೆವು, ಇನ್ನೊಂದು ಗಳಿಗೆಗೆ ನಗುತ್ತಿದ್ದೆವು. ಮದುವೆಯಾದ ಮೇಲೆ ಅಷ್ಟು ಹೊತ್ತು ನಾವಿಬ್ಬರೇ ಕೂತದ್ದು ನೆನಪಿಲ್ಲ. ಸಂಜೆ ಬಸ್ಸಿನಲ್ಲಿ ತೋಳು ಎತ್ತಲಾಗದಷ್ಟು ನೋಯುತ್ತಿದ್ದರೂ ಮನಸ್ಸು ಹಗುರಾಗಿರುತ್ತಿತ್ತು.

ನನಗೆ ಕಾಫಿಪುಡಿ ಬಣ್ಣ ಬಳಿಯುವ ಆಸೆಯಿತ್ತು. ತಂಗಿ ಫೋನಿನಲ್ಲಿ ಬೇರೆಯೇ ಬಣ್ಣ ತೋರಿಸಿದಳು. ಮೋಡ ಕವಿದ ಆಕಾಶದಂಥ ಮಾಸಲು ನೀಲಿ, ಅಂಚಿಗೆ ಚಿನ್ನದ ಗೆರೆ.

“ಈಗೆಲ್ಲಾ ಇದೇ ಕಣಕ್ಕ. ಕಂದು ಯಾರ್ ಒಡಿತಾರೆ? ನನ್ ಮಾತು ಕೇಳು.”

ನನ್ನ ಕೋಣೆಯ ಗೋಡೆ ತೆಳು ಹಳದಿ. ಒಪ್ಪುವುದಿಲ್ಲ ಅನ್ನಿಸಿತು. ಆದರೆ ಆ ದಿನಗಳಲ್ಲಿ ಅವಳ ಮಾತು ತೆಗೆದುಹಾಕಲು ಮನಸ್ಸು ಬರಲಿಲ್ಲ. ನೀಲಿಯನ್ನೇ ಬಳಿದೆ. ಚಿನ್ನದ ಗೆರೆಯನ್ನು ಉಸಿರು ಬಿಗಿಹಿಡಿದು ಸಣ್ಣ ಬ್ರಷ್ಷಿನಲ್ಲಿ ಎಳೆದೆ. ಬೊಟ್ಟುಗಳಿದ್ದ ಬಾಗಿಲ ಒಳಮೈಯನ್ನು ಮಾತ್ರ ಮುಟ್ಟಲಿಲ್ಲ. “ಅದು ಅಂಗೇ ಇರ್ಲಿ ಬುಡು” ಅಂತ ತಂಗಿಯೂ ಅಂದಳು.

ಮುಗಿದ ಮೇಲೆ ಟೆಂಪೋ ತರುತ್ತೇನೆ ಅಂದರೆ, ಬಣ್ಣ ಪೂರ್ತಿ ಒಣಗಲಿ ಅಂದಳು. ಒಣಗಿತು. ಆಷಾಢ ಬಂತು. “ಆಷಾಡ್ದಲ್ಲಿ ಯಾರಾದ್ರೂ ಸಾಮಾನು ಸಾಗಿಸ್ತಾರಾ? ಶ್ರಾವಣ ಬರ್ಲಿ, ನಮ್ಮನೆಯವ್ರೇ ತಂದು ಆಕ್ತಾರೆ.” ಸರಿ ಅಂದೆ.

ಶ್ರಾವಣದಲ್ಲಿ ತಂಗಿಯ ಗಂಡನ ಅಕ್ಕನ ಮನೆಯ ಗೃಹಪ್ರವೇಶ, ಮಂಡ್ಯದಲ್ಲಿ. ಆಕೆಯೇ ಫೋನು ಮಾಡಿ ಕರೆದರು. ಹೋಗುತ್ತೇನೆ ಅಂತ ತಂಗಿಗೆ ಹೇಳಿದೆ. “ನೀನ್ಯಾಕ್ ಬತ್ತೀಯಕ್ಕ, ಕೆಲ್ಸ ಬುಟ್ಟು? ಬ್ಯಾಡ ಬುಡು, ನಾನ್ ಯೋಳ್ಕತ್ತೀನಿ” ಅಂದಳು. ನನ್ನ ಸಂಬಳ ಹಿಡಿಯುತ್ತಾರಲ್ಲ ಅಂತ ಯೋಚಿಸಿರಬೇಕು ಅಂದುಕೊಂಡೆ. ರಜೆ ಹಾಕಿ, ಕುಪ್ಪಸದ ಕಣ, ಹೂವು, ಹಣ್ಣು ತೆಗೆದುಕೊಂಡು ಹೋದೆ.

ಪೂಜೆ ಮುಗಿದು ಊಟದ ಎಲೆ ಹಾಕುತ್ತಿದ್ದರು. ಮನೆಯಾಕೆ ನನ್ನ ಕೈ ಹಿಡಿದು ಮನೆ ತೋರಿಸಲು ಕರೆದುಕೊಂಡು ಹೋದರು. ಅಡುಗೆಮನೆ, ದೇವರ ಕೋಣೆ, ಆಮೇಲೆ ಮಲಗುವ ಕೋಣೆ. ಗೋಡೆಯೆಲ್ಲ ಮಾಸಲು ನೀಲಿ. ಆ ಗೋಡೆಗೆ ಆನಿಕೊಂಡು ಅಮ್ಮನ ಬೀರು ನಿಂತಿತ್ತು.

ಅದೇ ಬಣ್ಣ, ಅದೇ ಚಿನ್ನದ ಗೆರೆ. ಬಲಗಡೆಯ ಮೂಲೆಯಲ್ಲಿ ಕೈ ನಡುಗಿ ಗೆರೆ ದಪ್ಪಗಾಗಿದ್ದ ಜಾಗವೂ ಕಂಡಿತು. ಎದುರಿನ ಕನ್ನಡಿಯಲ್ಲಿ ನನ್ನ ಮುಖವೇ ನನಗೆ ಗುರುತು ಹತ್ತಲಿಲ್ಲ.

“ನಿಮ್ ತಂಗೀನೆ ಕೊಟ್ಟಿದ್ದು ಅಕ್ಕ,” ಅಂದರು ಆಕೆ, ಖುಷಿಯಿಂದ. “ನಿಮ್ಮಮ್ಮಂದಂತಲ್ಲ. ‘ಅಕ್ಕಂಗೆ ಬ್ಯಾಡ್ವಂತೆ ಅತ್ತಿಗೆ, ನಿಮ್ಗೆ ಇರ್ಲಿ’ ಅಂದ್ಲು. ಬಣ್ಣಾನೂ ಅವ್ಳೇ ಒಡ್ದಿದ್ದಂತೆ, ಬ್ಯಾಸ್ಗೇಲೆಲ್ಲಾ ಕೂತ್ಕಂಡು. ನಮ್ ಗೋಡೆಗೆ ಎಂಗ್ ಹೊಂದ್ಕತ್ತು ನೋಡಿ!”

ಬಾಗಿಲ ಬಳಿ ತಂಗಿ ಬಂದು ನಿಂತಿದ್ದಳು. ನಾನು ಏನನ್ನುತ್ತೇನೋ ಅಂತ ನನ್ನ ಬಾಯನ್ನೇ ನೋಡುತ್ತಿದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು, ಅಷ್ಟು ಜನ ನೆಂಟರ ನಡುವೆ ಅವಳ ಮಾನ ಹೋಗುತ್ತಿತ್ತು. ಬೀರುವಿನ ಬಾಗಿಲು ತೆರೆದೆ. ಒಳಮೈಗೂ ನೀಲಿ ಬಳಿದಿದ್ದರು. ಒಂದು ಬೊಟ್ಟೂ ಇರಲಿಲ್ಲ.

“ಚೆನ್ನಾಗ್ ಹೊಡ್ದವ್ಳೆ” ಅಂದೆ.

ಊಟಕ್ಕೆ ಕೂರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಅವಳು ಹಿಂದೆಯೇ ಬಂದಳು.

“ಅಕ್ಕ, ಇಲ್ಲಿ ಬ್ಯಾಡ, ಯಾರಾರ ಕೇಳಿಸ್ಕತ್ತಾರೆ.”

“ನಾನೇನೂ ಕೂಗಾಡಲ್ಲ. ನಂಗೆ ಬ್ಯಾಡ ಅಂತ ಯಾವಾಗ ಅಂದೆ ಯೋಳು.”

ಅವಳು ಸೆರಗಿನ ತುದಿ ತಿರುಚುತ್ತಾ ನಿಂತಳು. ಆಮೇಲೆ ಒಮ್ಮೆಗೇ ಉಕ್ಕಿ ಬಂತು. “ಮದ್ವೆ ಆದಾಗಿಂದ ಇವ್ರ ಮನೆಯವ್ರ ಬಾಯಲ್ಲಿ ಒಂದೇ ಮಾತು, ತವರಿಂದ ಏನ್ ತಂದ್ಲು ಅಂತ. ಅತ್ತಿಗೆ ಒಸ ಮನೆಗೆ ಒಂದ್ ಒಳ್ಳೆ ಸಾಮಾನು ಕೊಟ್ರೆ ಬಾಯಿ ಮುಚ್ಕತ್ತಾರೆ ಅನ್ನಿಸ್ತು. ಅಮ್ಮನ್ನ ಕೊನೇವರ್ಗೂ ನೋಡ್ಕಂಡಿದ್ದು ನಾನಲ್ವಾ? ನಂಗೆ ಅಷ್ಟೂ ಹಕ್ಕಿಲ್ವಾ?”

“ಕೇಳಿದ್ರೆ ಕೊಟ್‌ಬುಡ್ತಿದ್ನಲ್ಲೇ. ನನ್ ಕೈಲಿ ಯಾಕೆ ಬಣ್ಣ ಒಡ್ಸಿದೆ?”

“ನನ್ ಕೈಲಿ ಅಷ್ಟ್ ಚೆಂದಾಗಿ ಬರಲ್ವಲ್ಲಕ್ಕ.”

ಅವಳು ಸುಳ್ಳು ಹೇಳಲಿಲ್ಲ. ಅಮ್ಮನ ಮಾತಾಡಿ ಅತ್ತದ್ದು, ನಕ್ಕದ್ದು ಎಲ್ಲ ನಡೆಯುವಾಗಲೇ ಈ ಗೋಡೆಯ ಬಣ್ಣ ಅವಳ ಫೋನಿನಲ್ಲಿತ್ತು. ಬೀರು ಹೋದದ್ದಕ್ಕಿಂತ ಆ ಭಾನುವಾರಗಳು ಹೋದದ್ದು ನನಗೆ ಹೆಚ್ಚು ಉರಿಯಿತು. ಅವಳು ಯಾವಾಗ ನಿಜವಾಗಿ ಅತ್ತಳು, ಯಾವಾಗ ನನ್ನನ್ನು ಕೆಲಸಕ್ಕೆ ಹಚ್ಚಲು ಅತ್ತಳು ಅಂತ ಈಗಲೂ ಬಿಡಿಸಿ ನೋಡಲಾಗುವುದಿಲ್ಲ.

ಮನೆಯಾಕೆಗೆ ತಲೆನೋವು ಅಂತ ಹೇಳಿ, ತಾಂಬೂಲ ತೆಗೆದುಕೊಂಡು ಬಸ್ಸು ಹತ್ತಿದೆ. ನನ್ನ ಗಂಡ ವಿಷಯ ಕೇಳಿ, ಈಗಲೇ ಹೋಗಿ ಎತ್ತಿಕೊಂಡು ಬರುತ್ತೇನೆ ಅಂತ ಎದ್ದರು. ನಾನು ತಡೆದೆ. ಆ ಜನರ ನಡುವೆ ಬಾಳಬೇಕಾದವಳು ಅವಳು. ಅವಳನ್ನು ಕ್ಷಮಿಸಿ ತಡೆದದ್ದಲ್ಲ. ಸಿಟ್ಟು ಎಷ್ಟಿದ್ದರೂ ಅವಳ ಸಂಸಾರಕ್ಕೆ ಬೆಂಕಿ ಹಚ್ಚಲು ಕೈ ಬರಲಿಲ್ಲ, ಅಷ್ಟೆ. ನಮ್ಮ ಕೋಣೆಯಲ್ಲಿ ಅಮ್ಮನ ಬೀರುವಿಗೆ ಬಿಟ್ಟಿದ್ದ ಜಾಗದಲ್ಲಿ ಈಗ ಕಬ್ಬಿಣದ ಬೀರು ಇದೆ.

ಆಮೇಲೆ ಪಿತೃಪಕ್ಷದ ಮಾರ್ಲಮಿ ಹಬ್ಬ ಬಂತು. ನಮಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಅಪ್ಪ ಅಮ್ಮನಿಗೆ ಎಡೆ ಇಡುವುದು ಯಾವಾಗಲೂ ಮಳವಳ್ಳಿಯಲ್ಲಿ, ಇಬ್ಬರೂ ಸೇರಿ. ಈ ಸಲ ನಾನು ಹೋಗಲಿಲ್ಲ. ಬೆಳಿಗ್ಗೆ ಅಡುಗೆ ಮಾಡುತ್ತಿದ್ದಾಗ ಅವಳ ಫೋನು ಬಂತು.

“ಇನ್ನೂ ಒರ್ಟಿಲ್ವಾ ಅಕ್ಕ? ಕಾಯ್ತಾ ಇವ್ನಿ.”

“ಇಲ್ಲೇ ಇಡ್ತೀನಿ ಕಣೇ, ನಮ್ಮನೇಲೆ.”

ಅವಳ ಕಡೆ ಕುಕ್ಕರ್ ಕೂಗುವುದು ಕೇಳಿಸಿತು.

“ಅಮ್ಮ ಎಲ್ಲೀಗೆ ಅಂತ ಬತ್ತಾಳೆ, ಎರಡ್ ಕಡೆ ಇಟ್ರೆ?” ಅಂದಳು. ಧ್ವನಿ ಒಡೆದಿತ್ತು.

ಆ ಅಳು ನಿಜವೋ ಅಲ್ಲವೋ ಅಂತ ಕಿವಿಗೊಟ್ಟು ಕೇಳುತ್ತಾ ನಿಂತೆ. ತಿಳಿಯಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿದೆ ಅಂತ ಹೇಳಿ ಫೋನು ಇಟ್ಟು, ಎಲೆ ಒರೆಸಿ, ಅಮ್ಮನಿಗೆ ಬಡಿಸಲು ಕೂತೆ.