ಯಾರೂ ಮುಟ್ಟದ ಡಬ್ಬಿ

ಮೈಸೂರಿನ ಬಸ್ ನಿಲ್ದಾಣದ ಹಿಂಬದಿಯಲ್ಲಿ ಒಂದು ಕಲ್ಲಿನ ಜಗಲಿ ಇತ್ತು. ಅದರ ಪೂರ್ವದ ತುದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಶುಕ್ರವಾರ. ಮಧ್ಯಾಹ್ನ ಒಂದು ಗಂಟೆಯ ಮೇಲೆ ಐದು ನಿಮಿಷ. ಇಂಟರ್‌ಮೀಡಿಯೆಟ್ ಎರಡನೇ ವರ್ಷದ ಪರೀಕ್ಷೆಗೆ ಇನ್ನು ಮೂರು ವಾರವಿತ್ತು. ನನ್ನ ಬಲಗೈ ಒಂದು ಹಿತ್ತಾಳೆ ಡಬ್ಬಿಯ ಹಿಡಿಯ ಮೇಲಿತ್ತು. ಆ ಡಬ್ಬಿ ನನ್ನದಲ್ಲ.

ಆಗ ಸುತ್ತಲಿನ ಹಳ್ಳಿಗಳ ತಾಯಂದಿರು ಪೇಟೆಯಲ್ಲಿ ಓದುವ ಮಕ್ಕಳಿಗೆ ಬಸ್ಸಿನಲ್ಲಿ ಊಟ ಕಳಿಸುತ್ತಿದ್ದರು. ಕಂಡಕ್ಟರು ಡಬ್ಬಿಗಳನ್ನು ಆ ಜಗಲಿಯ ಮೇಲೆ ಸಾಲಾಗಿ ಇಟ್ಟು ಹೋಗುತ್ತಿದ್ದ. ಹುಡುಗರು ಉಂಡು ತೊಳೆದಿಟ್ಟರೆ ಸಂಜೆಯ ಬಸ್ಸಿನಲ್ಲಿ ಖಾಲಿ ಡಬ್ಬಿ ಊರಿಗೆ ಹೋಗುತ್ತಿತ್ತು. ಹೋಟೆಲಿನ ಖರ್ಚು ಉಳಿಯುತ್ತಿತ್ತು. ನಮ್ಮ ಊರಿಗೆ ಬಸ್ಸಿರಲಿಲ್ಲ. ಅಪ್ಪ ಕಳಿಸುವುದರಲ್ಲಿ ಜಯಲಕ್ಷ್ಮಿಪುರಂನ ಕೋಣೆಯ ಬಾಡಿಗೆ, ಕಾಲೇಜಿನ ಫೀಜು ಕಳೆದರೆ ದಿನಕ್ಕೆ ಒಂದೇ ಊಟ. ಪುಸ್ತಕ ಕೊಳ್ಳದೆ ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದೆ. ಕೋಣೆಯ ಗೆಳೆಯ ತನ್ನ ಡಬ್ಬಿಗೆಂದು ಹೊರಟಾಗ ಸುಮ್ಮನೆ ಜೊತೆಗೆ ಹೋಗುತ್ತಿದ್ದೆ. ಅವನ ಊಟ ಅವನಿಗೇ ಸಾಲದು.

ಒಂದು ಡಬ್ಬಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಆರು ದಿನ ನೋಡಿದೆ. ಏಳನೆಯ ದಿನ ಬಿಚ್ಚಿದೆ. ಮುದ್ದೆ, ಉಪ್ಪುಸಾರು, ಬದನೆಕಾಯಿ ಪಲ್ಯ. ಉಂಡೆ. ಬೇರೆಯವರ ಡಬ್ಬಿ, ಎಂಜಲು ಬಿಡಬಾರದೆಂದು ತೊಳೆದಿಟ್ಟೆ. ನಾನು ಮಾಡಿದ ತಪ್ಪು ಅದೇ.

ಬದನೆಕಾಯಿ ನನಗೆ ಸೇರದು. ಮುಂದಿನ ಎರಡು ದಿನ ಆ ಬಟ್ಟಲನ್ನು ಹಾಗೆಯೇ ಬಿಟ್ಟು ಉಳಿದವನ್ನು ತೊಳೆದೆ. ಆಮೇಲೆ ಬದನೆಕಾಯಿ ಬರಲೇ ಇಲ್ಲ. ಸಾರು ಪೂರ್ತಿ ಖಾಲಿಯಾದರೆ ಮರುದಿನ ಹೆಚ್ಚು ಬರುತ್ತಿತ್ತು. ಯಾರೋ ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡುತ್ತಿದ್ದಾರೆ ಅನ್ನಿಸಿ ಒಮ್ಮೊಮ್ಮೆ ಕೈ ತಡೆಯುತ್ತಿತ್ತು. ಆದರೂ ಎರಡು ತಿಂಗಳು ಉಂಡೆ.

ಆ ಶುಕ್ರವಾರ ಕಂಡಕ್ಟರು ಹೋಗದೆ ಕಾದಿದ್ದ.

"ತಿಂತಿದ್ದೋನು ನೀನೇನ್ಲಾ?"

ಹೌದು ಎಂದೆ.

"ನಾಯಿ ತಿಂತದೆ ಅನ್ಕೊಂಡಿದ್ದೆ ಕಣೋ. ನಾಯಿ ತೊಳ್ದು ಇಟ್ಟಾತಾ ಅಂತ ಯೋಚ್ನೆ ಮಾಡ್ನಿಲ್ಲ ನೋಡು!" ಎಂದವನು ದನಿ ತಗ್ಗಿಸಿದ. "ಈ ಡಬ್ಬಿ ಹುಡ್ಗ ಹೋದ ವರ್ಸ ಹೊಳೆಗೆ ಬಿದ್ದ. ಹೆಣ ಸಿಗ್ನಿಲ್ಲ. ಅವ್ನ ಅವ್ವ ಊಟ ಕಳ್ಸಾದ ಬುಡ್ನಿಲ್ಲ. ತುಂಬಿದ್ ಡಬ್ಬಿನೇ ತಿರ್ಗಿ ಹೋಯ್ತಿತ್ತು. ಈಗ ತೊಳ್ದು ಬತ್ತಾ ಅದೆ. ನನ್ ಮಗ ಉಣ್ತಾವ್ನೆ, ತಿಥಿ ಗಿಥಿ ಅಂದ್ರೆ ನೋಡಿ ಅಂತ ಮನೇವ್ರ್ ಮೇಲೆಲ್ಲ ಬೀಳ್ತಾಳೆ. ಅಗೋ, ಬಂದ್ಬುಟ್ಲು."

ನಲ್ಲಿಯಲ್ಲಿ ಕೈಕಾಲು ತೊಳೆದ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸುತ್ತ ಬಂದಳು. ನನ್ನ ಮುಖ ನೋಡಲಿಲ್ಲ. ಡಬ್ಬಿ ಬಿಚ್ಚಿ ಮುದ್ದೆ ಮುರಿದಳು.

"ಕೂತ್ಕೊ ಮಗ, ಉಣ್ಣು."

ಕೂತೆ. ಉಂಡೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಬದ್ನೆಕಾಯಿ ಅಂದ್ರೆ ಪ್ರಾಣ ಬುಡ್ತಿದ್ದೆ. ಈಗ ಯಾಕ್ ಸೇರಕಿಲ್ಲ ನಿಂಗೆ?"

ಮುಂದಿನ ತುತ್ತನ್ನು ಸಾರಿನಲ್ಲಿ ಅದ್ದಿದೆ. ಕಂಡಕ್ಟರು ಬೇರೆ ಕಡೆ ತಿರುಗಿದ. ಉಂಡಾದ ಮೇಲೆ ಅವಳೇ ಡಬ್ಬಿ ತೊಳೆದು ತಂದು, ಹಿಡಿ ಸಿಕ್ಕಿಸುತ್ತ ಕೇಳಿದಳು:

"ನಾಳಿಂದ ಕಳಿಸ್ಲಾ, ಬ್ಯಾಡ್ವಾ?"

ಬೇಕು ಎಂದರೆ ನನಗೆ ಊಟ. ಅವಳ ಮಗ ಅವಳ ಪಾಲಿಗೆ ಬದುಕಿರುತ್ತಾನೆ. ಬೇಡ ಎಂದರೆ ಅಲ್ಲಿಗೆ ಮುಗಿಯಿತು.

"ಬ್ಯಾಡ ಕಣವ್ವ" ಎಂದೆ.

ಅವಳು ತಲೆಯಾಡಿಸಿ, ಡಬ್ಬಿಯನ್ನು ಸೆರಗಿನಡಿ ಇಟ್ಟುಕೊಂಡು ಬಸ್ಸು ಹತ್ತಿದಳು. ಮರುದಿನ ಜಗಲಿಯ ಮೇಲೆ ಅದರ ಜಾಗ ಖಾಲಿಯಿತ್ತು. ಹದಿನೈದು ದಿನದ ಮೇಲೆ, ತಿಥಿ ಆಯಿತೆಂದು ಕಂಡಕ್ಟರು ಹೇಳಿದ.

ಕಂಡಕ್ಟರು ಈಗಿಲ್ಲ. ಆ ತಾಯಿಯೂ ಇರಲಾರಳು. ಕಂಡವರಲ್ಲಿ ಬದುಕಿರುವವನು ನನ್ನ ಕೋಣೆಯ ಗೆಳೆಯನೊಬ್ಬನೇ. ಅಂದು ಎರಡು ಮಾರು ದೂರದಲ್ಲಿ ಉಣ್ಣುತ್ತ ಕೂತಿದ್ದ, ಇಂದು ಶ್ರೀರಾಂಪುರದಲ್ಲಿದ್ದಾನೆ. ಅವಳು ಕೇಳಿದಾಗ ನಾನು ಬಾಯಿ ತೆರೆಯಲೇ ಇಲ್ಲ ಎಂದು ಅವನು ಹೇಳುತ್ತಾನೆ. ಬ್ಯಾಡ ಎಂದದ್ದು ಅವನಿಗೂ ಕೇಳಿಸಿತ್ತು. ಅದು ನನ್ನ ದನಿಯಾಗಿರಲಿಲ್ಲ ಎನ್ನುತ್ತಾನೆ.