ಇಡ್ಲಿ ಪಾತ್ರೆಯಲ್ಲಿ ಮುದುಕರಾದ ಬಾಟಲಿಗಳು

ಪ್ಲಾಸ್ಟಿಕ್ ಬಾಟಲಿ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಬಾಟಲಿಗಳನ್ನು ಹಿಂಡಿ, ಕೆಡವಿ, ಕಾಯಿಸಿ, ಎಲ್ಲಿಯವರೆಗೆ ತಾಳುತ್ತವೆ ಎಂದು ನೋಡಬೇಕು. ರಾಯಚೂರಿನಿಂದ ಕಾಚಿಗೂಡದ ನಮ್ಮ ಮನೆಗೆ ಬಂದಿದ್ದ ಅತ್ತೆಗೆ ಇದು ಉದ್ಯೋಗವೆಂದೇ ಅನಿಸಿರಲಿಲ್ಲ.

"ಕೆಡವೂದು, ಒಡಿಯೂದು ನನ್ನ ಮೊಮ್ಮಗ ಪುಕ್ಕಟೆ ಮಾಡ್ತಾನಲ್ಲವಾ" ಎನ್ನುತ್ತಿದ್ದರು.

ಆಗ ಹಣ್ಣಿನ ರಸ ಮಾರುವ ಗಿರಾಕಿಯೊಬ್ಬರು ಹಟ ಹಿಡಿದಿದ್ದರು. ಕುದಿಕುದಿ ರಸವನ್ನು ನಮ್ಮ ಸಾದಾ ಬಾಟಲಿಗೇ ತುಂಬಬೇಕಂತೆ. ಅದು ತಾಳದು ಎಂದು ಗ್ರಾಫ್ ತೋರಿಸಿದೆ. ಅವರು ಅದನ್ನು ತಲೆಕೆಳಗಾಗಿ ಹಿಡಿದು, "ಠೀಕ್ ಹೀ ತೋ ದಿಖ್ ರಹಾ ಹೈ", ಸರಿಯಾಗಿಯೇ ಕಾಣುತ್ತಿದೆಯಲ್ಲ, ಎಂದರು. ಮತ್ತೊಂದು ಸಭೆ ಮಾದಾಪುರದ ಅವರ ಕಚೇರಿಯಲ್ಲಿ ನಿಗದಿಯಾಯಿತು. ಮನೆಯಿಂದ ನೇರ ಹೋಗೋಣವೆಂದು ಕೆಲವು ಹೊಸ ಬಾಟಲಿಗಳನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದೆ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಕಟ್ಟೆ ಖಾಲಿ. ಇಡ್ಲಿ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು.

"ಅತ್ತೆ, ಇಲ್ಲಿದ್ದ ಬಾಟ್ಲಿ?"

"ಹಬಿಗೆ ಇಟ್ಟೀನಿ. ಶೇಂಗಾಪುಡಿ ತುಂಬಾಕ ಭಾಳ ಚಂದ ಅದಾವ. ಫ್ಯಾಕ್ಟರಿ ಧೂಳು ಹೋಗಬೇಕಲ್ಲ? ನೀ ಏಳೂಕಿಂತ ಮೊದಲ ಇಟ್ಟೀನಿ."

ಮುಚ್ಚಳ ತೆಗೆದೆ. ನೆಟ್ಟಗೆ ನಿಂತಿದ್ದ ಬಾಟಲಿಗಳು ಕುಗ್ಗಿ, ಸೊಂಟ ಬಾಗಿ, ಒಂದರ ಹೆಗಲಿಗೊಂದು ಒರಗಿದ್ದವು. ಗಾಜಿನಂತೆ ತಿಳಿಯಾಗಿದ್ದ ಕುತ್ತಿಗೆಗಳು ಹಾಲಿನಂತೆ ಬಿಳಿಚಿಕೊಂಡಿದ್ದವು.

"ಅಯ್ಯ ಶಿವನ!" ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು. "ಬೆನ್ನ ಬಾಗೈತಿ, ತಲಿ ಬೆಳ್ಳಗಾಗೈತಿ. ನನಗಿಂತ ಮೊದಲ ಮುದುಕ ಆದವಲ್ಲ!"

ಅಷ್ಟರಲ್ಲಿ ಬಂದ ನನ್ನ ಗಂಡ ಪಾತ್ರೆಯೊಳಗೆ ಇಣುಕಿ, "ಇವತ್ತು ನಾಷ್ಟಾ ಇದ ಏನು?" ಎಂದು ಗಂಭೀರವಾಗಿ ಕೇಳಿದರು.

ಅಳುವ ಬದಲು ನಾನು ಪಾಠ ಶುರುಮಾಡಿದೆ. "ಪ್ಲಾಸ್ಟಿಕ್‌ನೊಳಗೆ ಶಾವಿಗಿಯಂಥ ಎಳಿ ಇರ್ತಾವ್ರಿ ಅತ್ತೆ. ಕುತ್ತಿಗಿಯೊಳಗ ಅವು ಗೋಜಲಾಗಿ ಬಿದ್ದಿರ್ತಾವ. ಅದಕ್ಕ ಬೆಳಕು ಆರಪಾರ ಹೋಗ್ತೈತಿ. ಕಾಸಿದರ ಅಲ್ಲಲ್ಲಿ ಸಾಲಾಗಿ ಕೂತು ಹರಳು ಕಟ್ತಾವ. ಆ ಹರಳಿಗೆ ಬೆಳಕು ಚೆದರಿ ಬೆಳ್ಳಗ ಕಾಣ್ತೈತಿ."

"ಸಾಲಾಗಿ ಕೂತರ ಡೊಂಕ್ಯಾಕ ಆದವು?"

ಒಳ್ಳೆಯ ಪ್ರಶ್ನೆ. ಬಾಟಲಿಯ ಹೊಟ್ಟೆಯನ್ನು ಎಳೆದು, ಊದಿ ಮಾಡಿರುತ್ತಾರೆ, ಬಿಸಿ ತಗುಲಿದರೆ ಆ ಎಳೆಗಳು ಮತ್ತೆ ಮುದುಡಿಕೊಳ್ಳುತ್ತವೆ ಎಂದೆ. ಅತ್ತೆ ತಲೆಯಾಡಿಸಿ, ಇಡ್ಲಿ ತಟ್ಟೆ ತೊಳೆಯಲು ಹೋದರು.

ಬೇರೆ ಬಾಟಲಿ ತರಲು ಹೊತ್ತಿರಲಿಲ್ಲ. ಮುದುಕರನ್ನೇ ಚೀಲಕ್ಕೆ ತುಂಬಿಕೊಂಡು ಮೆಟ್ರೋ ಹತ್ತಿದೆ. ತಪಾಸಣೆಯ ಯಂತ್ರದ ಮುಂದಿದ್ದವಳು ಪರದೆಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು.

ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಉರುಹೊಡೆದಿದ್ದೆ. ಮೇಜಿನ ಮೇಲೆ ಬಾಟಲಿ ಇಡುತ್ತಲೇ ಆ ಮಾತಿನ ಅಗತ್ಯವೇ ಉಳಿಯಲಿಲ್ಲ. ಗಿರಾಕಿ ಒಂದನ್ನು ನಿಲ್ಲಿಸಿದರು, ಅದು ನಿಧಾನವಾಗಿ ಅವರ ಕಡೆಗೇ ವಾಲಿ ಬಿತ್ತು. ಇನ್ನೊಂದನ್ನು ನಿಲ್ಲಿಸಿದರು, ಅದೂ ಬಿತ್ತು.

"ಗರಮ್ ರಸಕ್ಕೆ ಹೀಗಾಗುತ್ತದೆಯೇ?" ಎಂದು ಮೆಲ್ಲಗೆ ಹಿಂದಿಯಲ್ಲಿ ಕೇಳಿದರು.

"ಬಿಸಿಗೆ ಹೀಗಾಗುತ್ತದೆ" ಎಂದೆ.

ಬಿಸಿ ತಾಳುವ ಬೇರೆ ಬಾಟಲಿಗೆ ಅಲ್ಲೇ ಒಪ್ಪಿದರು. ಎದ್ದು ಹೊರಡುವಾಗ, ಇದನ್ನು ಯಾವ ಯಂತ್ರದಲ್ಲಿ ಪರೀಕ್ಷಿಸಿದಿರಿ ಎಂದರು. "ಹಬೆಯ ಯಂತ್ರ" ಎಂದು ಹೇಳಿ ಲಿಫ್ಟಿನೊಳಗೆ ನುಗ್ಗಿದೆ.

ಸಂಜೆ ಮನೆಗೆ ಬಂದಾಗ ಅತ್ತೆ ರಾಯಚೂರಿನ ತಂಗಿಯೊಡನೆ ಫೋನಿನಲ್ಲಿದ್ದರು. ಗಂಡನಿಗೆ ನಾನು ಫೋನಿನಲ್ಲಿ ಹೇಳಿದ್ದ ಸುದ್ದಿ ಆಗಲೇ ಅವರಿಗೂ ತಲುಪಿತ್ತು.

"ಹೂಂನವಾ, ಸೊಸಿ ಒಬ್ಬಾಕೀಗೆ ಆಗೂದಿಲ್ಲ" ಎನ್ನುತ್ತಿದ್ದರು. "ನಾನೂ ಸ್ವಲ್ಪ ಕಾರ್ಖಾನಿ ಕೆಲಸ ನೋಡಾಕತ್ತೀನಿ."