ವೀರಗಲ್ಲಿಗೆ ವಿಭೂತಿ ಬಳಿದ ಬೆಳಿಗ್ಗೆ

ಕುರುಗೋಡಿನ ಒಂದು ಓಣಿಯ ತಿರುವಿನಲ್ಲಿ, ಬೇವಿನ ಮರದಡಿ, ಎದೆಮಟ್ಟದ ವೀರಗಲ್ಲೊಂದಿದೆ. ಎಣ್ಣೆ ಕುಡಿದು ಕುಡಿದು ಕಪ್ಪಾಗಿ ಹೊಳೆಯುತ್ತದೆ. ರಸ್ತೆ ಅಗಲ ಮಾಡುವ ನಕ್ಷೆಯಲ್ಲಿ ಮರವಿತ್ತು, ಕರೆಂಟ್ ಕಂಬವಿತ್ತು, ಕಲ್ಲು ಇರಲಿಲ್ಲ. ಅದು ನಿಂತ ಜಾಗದ ಮೇಲೆಯೇ ಚರಂಡಿಯ ಗೆರೆ ಹಾದುಹೋಗಿತ್ತು. ಬಳ್ಳಾರಿಯ ಕಚೇರಿಯಲ್ಲಿ ಆ ನಕ್ಷೆಯನ್ನು ನಾನು ಕಣ್ಣಾರೆ ನೋಡಿದೆ.

"ದಾಖಲೆ ತಗೊಂಡು ಬರ್ರಿ, ನೋಡೋಣು," ಎಂದರು ಎಂಜಿನಿಯರ್. "ಬರೇ ಫೋಟೊ ಸಾಲಂಗಿಲ್ಲ. ಅಳತಿ ಬೇಕು, ಎಲ್ಲಿ ನಿಂತೈತಿ ಅನ್ನೋದು ಬೇಕು. ಸೋಮವಾರದೊಳಗ."

ಪತ್ರಿಕೆಯ ಕೆಲಸ ಬಿಟ್ಟ ಮೇಲೆ ನಾನು ಸೇರಿಕೊಂಡಿದ್ದ ಒಂದು ಗುಂಪು, ಯಾರ ಪಟ್ಟಿಯಲ್ಲೂ ಇಲ್ಲದ ಇಂಥ ಕಲ್ಲುಗಳ ಚಿತ್ರ ತೆಗೆಯುತ್ತಿತ್ತು. ಸಿರುಗುಪ್ಪದಲ್ಲಿ ಇತಿಹಾಸ ಪಾಠ ಮಾಡುವ ಉಪನ್ಯಾಸಕಿಯೊಬ್ಬರು ನಮಗೆ ವಿಧಾನ ಕಲಿಸಿದ್ದರು. ಕಲ್ಲಿನ ಸುತ್ತ ಹೆಜ್ಜೆಗೊಂದರಂತೆ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ಕಂಪ್ಯೂಟರ್ ಅವನ್ನೆಲ್ಲ ಹೊಂದಿಸಿ, ಪರದೆಯ ಮೇಲೆ ತಿರುಗಿಸಿ ನೋಡಬಹುದಾದ ಒಂದು ಕಲ್ಲನ್ನು ಕಟ್ಟಿಕೊಡುತ್ತದೆ.

ಶನಿವಾರ ಟೇಪು ಹಿಡಿದು ಹೋದೆ. ಆ ಕಲ್ಲಿಗೆ ದಿನಾ ಎಣ್ಣೆ ಹಚ್ಚಿ, ಒಂದು ತುಂಡು ರೊಟ್ಟಿ ಇಟ್ಟು ಹೋಗುವ ಅಜ್ಜಿಯೊಬ್ಬರಿದ್ದಾರೆ. ಓಣಿಯ ಹೆಂಗಸರ ಸಂಘ ಹೊರಗಿನಿಂದ ಬಂದವರಿಗೆ ಊರಿನ ಹಳೆಯ ಗುಡಿಗಳನ್ನೂ ಈ ಕಲ್ಲನ್ನೂ ತೋರಿಸಿ, ರೊಟ್ಟಿ ಊಟ ಹಾಕಿ ಕಳಿಸುತ್ತದೆ. ಅದರಲ್ಲಿ ಈ ಅಜ್ಜಿಯೇ ಹಿರಿಯರು. ಟೇಪು ಕಂಡದ್ದೇ ಅವರು ಕಲ್ಲಿಗೆ ಬೆನ್ನು ಕೊಟ್ಟು ನಿಂತರು.

"ಅದನ್ನ ಒಳಗಿಡ್ರಿ. ನಮ್ಮನಿ ಪಡಸಾಲಿನೂ ಹಿಂಗ ಅಳದು ಹೋಗಿದ್ರು. ಈಗ ಪಡಸಾಲಿ ಎಲ್ಲೈತಿ? ರೋಡಿನಾಗೈತಿ."

"ಅಳೀಲಿಲ್ಲಂದ್ರ ಇದು ನಕ್ಷೆದಾಗ ಬರಂಗಿಲ್ಲಮ್ಮಾ. ನಕ್ಷೆದಾಗಿಲ್ಲದ ಕಲ್ಲನ್ನ ಕಿತ್ತು ಒಗೀತಾರ."

"ಅಳದ ಮ್ಯಾಲ ಬಳ್ಳಾರಿಗೆ ಹೊತ್ಗೊಂಡು ಹೋಗಂಗಿಲ್ಲಂತ ಬರ್ದು ಕೊಡ್ತೀರೇನು?"

ಹಾಗೆ ಬರೆದುಕೊಡುವ ಅಧಿಕಾರ ನನಗಿರಲಿಲ್ಲ. ಇಲ್ಲವೆಂದೇ ಹೇಳಿದೆ.

"ಸುಳ್ಳು ಹೇಳಾಕ ಬರಂಗಿಲ್ಲ ನಿಮಗ. ಅಳದ್ಕೋರಿ," ಎಂದು ಅಜ್ಜಿ ಪಕ್ಕಕ್ಕೆ ಸರಿದರು.

ಅಳತೆಯ ಜೊತೆ ಕಲ್ಲಿನ ಸುತ್ತ ಚಿತ್ರಗಳನ್ನೂ ತೆಗೆದು ಉಪನ್ಯಾಸಕಿಗೆ ಕಳಿಸಿದೆ. ಸಂಜೆ ಅವರ ಫೋನ್ ಬಂತು. "ಕಲ್ಲಿನ ನಡುವ ತೂತು ಬಿದ್ದೈತ್ರಿ ಸರ್." ಎಣ್ಣೆಯ ಹೊಳಪು ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬಿದ್ದು ಲೆಕ್ಕ ತಪ್ಪಿತ್ತು. ಪರದೆಯ ಕಲ್ಲಿನಲ್ಲಿ ವೀರನ ಮುಖ, ಎದೆ ಇರಬೇಕಾದಲ್ಲಿ ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಸೋಪಿನ ಪುಡಿ, ಬ್ರಷ್ ಹಿಡಿದು ಬಸ್ಸು ಹತ್ತಿದೆ. ಉಪನ್ಯಾಸಕಿಗೆ ವಿಷಯ ತಿಳಿಸಿದ್ದು ಕುರುಗೋಡಿನಲ್ಲಿ ಇಳಿದ ಮೇಲೆ. ತಿಕ್ಕಿದರೆ ಕೆತ್ತನೆಯೇ ಹಾಳಾದೀತು ಎಂದು ಅವರು ಗದರಿದರು. ಬ್ರಷ್ ಚೀಲಕ್ಕೆ ಹಾಕುವಷ್ಟರಲ್ಲಿ ಅಜ್ಜಿ ನೋಡಿಬಿಟ್ಟಿದ್ದರು.

"ನಮ್ಮಪ್ಪಗ ಜಳಕ ಮಾಡ್ಸಾಕ ಬಂದಿದ್ರೇನು?"

ಹೊಳಪಿನ ಕಥೆಯನ್ನು ವಿವರಿಸಿದೆ. ಒಂದು ದಿನ ಎಣ್ಣೆ ಹಚ್ಚದಿದ್ದರೆ ಹೋಗುವ ಹೊಳಪಲ್ಲ ಅದು, ಎಷ್ಟೋ ವರ್ಷಗಳದ್ದು.

"ಹೊಳಪು ಕಾಣಬಾರ್ದು, ಅಷ್ಟಽ ಹೌದಲ್ರಿ?" ಎಂದವರೇ ಮನೆಗೆ ಹೋಗಿ ಒಂದು ವಿಭೂತಿ ಗಟ್ಟಿ ತಂದರು. ಪುಡಿ ಮಾಡಿ, ಅರಿವೆಯಲ್ಲಿ ಕಟ್ಟಿ, ಕಲ್ಲಿನ ಮೇಲೆ ಮೆಲ್ಲಗೆ ತಟ್ಟತೊಡಗಿದರು. ಹಬ್ಬಕ್ಕೆ ಹೇಗೂ ಹಚ್ಚುತ್ತಾರಂತೆ. ನಾನು ಮತ್ತೆ ಉಪನ್ಯಾಸಕಿಗೆ ಫೋನ್ ಮಾಡಿ ಕೇಳಿದೆ. ತೆಳ್ಳಗಿರಲಿ, ನೀರು ಮುಟ್ಟಿಸಬೇಡಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಎಂದರು.

ಸಂಘದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು ನಕ್ಕಳು. "ದೊಡ್ಡವ್ವಾ, ಪೌಡರ್ ಹಚ್ಚಿ ಮದಿವಿ ಗಂಡಿನಂಗ ಮಾಡೀದಿ ನೋಡು!"

"ಹೆಣ್ಣು ನೋಡಾಕ ನಿಮ್ಮನಿಗೇ ಕರ್ಕೊಂಡು ಬರ್ತೀನಿ, ಚಾ ಇಡಲೇ."

ಬೂದಿ ಕೂತಂತೆ ಕಲ್ಲಿನ ರೇಖೆಗಳು ಎದ್ದವು. ವೀರನ ಕತ್ತಿ, ಸೊಂಟದ ಪಟ್ಟಿ, ಮಡಚಿದ ಮೊಣಕಾಲು. ಅದರ ಕೆಳಗೆ, ಎಣ್ಣೆಯ ಜಿಡ್ಡು ದಪ್ಪಗಟ್ಟಿದ ಮೂಲೆಯಲ್ಲಿ, ಬಾಲ ಸುರುಳಿ ಸುತ್ತಿದ ಪ್ರಾಣಿಯೊಂದು ಮೂಡಿತು. ಅಜ್ಜಿ ಬಗ್ಗಿ ಬೆರಳಿನಿಂದ ಸವರಿದರು.

"ನಾಯಿ! ಇಷ್ಟ್ ವರ್ಷ ಇದಕ್ಕೊಂದು ತುತ್ತು ಇಟ್ಟಿಲ್ಲಲ್ಲೋ ಯಪ್ಪಾ."

ವೀರ ಬೇಟೆಯಲ್ಲಿ ಸತ್ತವನಿರಬಹುದೇ ಎಂದು ಉಪನ್ಯಾಸಕಿಯನ್ನು ಕೇಳಿದೆ. ಇರಬಹುದು, ಬರಹವಿಲ್ಲದೆ ಖಚಿತವಾಗಿ ಹೇಳಲಾಗದು ಎಂದರು. ನನ್ನ ಟಿಪ್ಪಣಿಯಲ್ಲೂ ಅಷ್ಟೇ ಇದೆ.

ಸುತ್ತ ಮತ್ತೆ ಚಿತ್ರ ತೆಗೆದು ಕಳಿಸಿದೆ. ಈ ಸಲ ತೂತು ಬೀಳಲಿಲ್ಲ. ಸೋಮವಾರ ದಾಖಲೆ ಕೊಟ್ಟು ಬಂದೆ. ಕೆಲವು ವಾರಗಳ ನಂತರ ತಿದ್ದಿದ ನಕ್ಷೆಯ ಪ್ರತಿ ಸಿಕ್ಕಿತು. ಮರದ ಪಕ್ಕ ಕಲ್ಲಿನ ಗುರುತಾಗಿ ಒಂದು ಸಣ್ಣ ತ್ರಿಕೋನ, ಅದನ್ನು ಬಳಸಿ ಹೋಗುವ ಚರಂಡಿಯ ಗೆರೆ. ಅಜ್ಜಿಯ ಬೆರಳನ್ನು ತ್ರಿಕೋನದ ಮೇಲೆ ಇಟ್ಟು ತೋರಿಸಿದೆ.

"ಇಷ್ಟಽ ಏನು?"

"ಇಷ್ಟಽ. ಇದ್ದ ಜಾಗದಾಗ ಐತಿ."

ಚರಂಡಿಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕುವವರು ಬಂದ ದಿನವೂ ನಾನು ಅಲ್ಲಿದ್ದೆ. ಕಲ್ಲಿನ ಮುಂದೆ ಎರಡು ತುಂಡು ರೊಟ್ಟಿ ಇದ್ದವು, ಒಂದು ಕೆಳಗಿನ ಮೂಲೆಗೆ ಹತ್ತಿಕೊಂಡಂತೆ. ಕಲ್ಲಿನಿಂದ ಗೆರೆಯವರೆಗಿನ ಅಳತೆ ಮುಗಿಸಿ ಅವರು ಟೇಪು ಸುತ್ತುತ್ತಿದ್ದರು. ಅಜ್ಜಿ ಅದರ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ತಡೀರಿ. ಇನ್ನೊಮ್ಮೆ ಅಳೀರಿ."